ಪರದೇಶದ ರೈತರ ಮನೆಯಲ್ಲಿ ನಮ್ಮ ವಿದ್ಯಾರ್ಥಿಗಳು

ಮಗನನ್ನು ಒಕ್ಕಲುತನದ ವಿದ್ಯೆಗಾಗಿ ಸಮುದ್ರದಾಚೆ ಕಳುಹಿಸುವುದು ಹೊಸ ಸಂಗತಿಯಲ್ಲ. ಕವಿ ರವೀಂದ್ರನಾಥ ಠಾಕೂರರು 1906ರಲ್ಲಿಯೇ ತಮ್ಮ ಪುತ್ರ ರಥೀಂದ್ರನಾಥರನ್ನು ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದರು. ಅವರು 1909ರಲ್ಲಿ ಮರಳಿ, ಅಲ್ಲಿಯ ಗೋವಿನಜೋಳದ ಬೀಜಗಳನ್ನು ತರಿಸಿ ಶಿಲೈದಹದ ಜಮೀನಿನಲ್ಲಿ ಪ್ರಯೋಗ ನಡೆಸಿದರು.

ಕಾಲೇಜಿನ ಪಾಠದೊಡನೆ ರೈತರ ಮನೆಯಲ್ಲಿಯೇ ಇದ್ದು ಕಲಿಯುವ ಅನುಕೂಲವೂ ಈಗುಂಟು. 1971ರಲ್ಲಿ ಇಂಗ್ಲಂಡದ ಸೂ ಕೊಪಾರ್ಡ್ ಎಂಬ ಮಹಿಳೆಯು ಆರಂಭಿಸಿದ ‘ವೂಫ್’ ಎಂಬ ಏರ್ಪಾಡು ಇಂದು ಅನೇಕ ದೇಶಗಳಲ್ಲಿದೆ. ವಿದ್ಯಾರ್ಥಿಯು ಸಾವಯವ ಹೊಲದಲ್ಲಿ ದಿನಕ್ಕೆ ಕೆಲವು ತಾಸು ದುಡಿಯುವನು, ಮನೆಯವರು ಊಟ, ವಸತಿಗಳನ್ನು ಕೊಡುವರು, ಕೂಲಿಯಿಲ್ಲ. ಕೂಲಿಯಿಲ್ಲವೆಂದು ಪ್ರವಾಸಿ ವೀಸಾದ ಮೇಲೆ ಹೊರಡುವುದು ಸಲ್ಲದು. ಅನ್ನಕ್ಕಾಗಿ ಮಾಡಿದ ದುಡಿಮೆಯನ್ನೂ ಹಲವು ಸರಕಾರಗಳು ಉದ್ಯೋಗವೆಂದೇ ಎಣಿಸುತ್ತವೆ. ಆಯಾ ದೇಶದ ದೂತಾವಾಸದಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಮರಳುವಾಗ ಮನೆಯ ಯಜಮಾನನು ವಿಶ್ವಾಸದಿಂದ ಒಂದು ಹಿಡಿ ಬೀಜ ಕೊಟ್ಟಾನು. ರಥೀಂದ್ರನಾಥರ ಕಾಲ ಇದಲ್ಲ. 2003ರ ಸಸ್ಯ ಕ್ವಾರಂಟೈನ್ ಆಜ್ಞೆಯ ಮೇರೆಗೆ ಆಮದು ಪರವಾನಗಿ, ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಇವೆರಡೂ ಇಲ್ಲದೆ ಅದನ್ನು ತರಕೂಡದು. ಇದು ಬರಿಯ ಕಾಗದದ ಕಾಟವೆನ್ನುವವರು ಪರದೇಶದ ಗೋದಿಯೊಡನೆ ಬಂತೆನ್ನುವ ಕಾಂಗ್ರೆಸ್ ಕಸವನ್ನು ನೆನೆಯಲಿ. ಅಮೇರಿಕ ಖಂಡ ಮೂಲದ ಫಾಲ್ ಸೈನಿಕ ಹುಳುವು 2018ರಲ್ಲಿ ನೆರೆಯ ಶಿವಮೊಗ್ಗದ ಗೋವಿನಜೋಳದಲ್ಲಿ ಕಾಣಿಸಿಕೊಂಡು ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಬಿತ್ತನೆ ಬೀಜ ಬೆಳೆದು ಮಾರುವ ರಾಣೆಬೆನ್ನೂರು ಸೀಮೆಗೆ ಹೊಸ ರೋಗವೊಂದು ಹೊಕ್ಕರೆ ನಷ್ಟವು ಒಬ್ಬ ರೈತನದಾಗಿ ಉಳಿಯದು.

ಮೆಚ್ಚಿದ ತಳಿಯ ಹೆಸರನ್ನು ವಿದ್ಯಾರ್ಥಿಯು ಬರೆದು ತಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ತಿಳಿಸಬಹುದು. ಸಂಶೋಧನೆಗೆಂದು ಅಂಥ ಬೀಜವನ್ನು ದಿಲ್ಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಮೂಲಕ ತರಿಸಿಕೊಳ್ಳುವ ಕ್ರಮವಿದೆ.