ಜಾಗ ಬಿಡೋದು ಬೇರೆ, ಕೈ ಬಿಡೋದು ಬೇರೆ

ಮದುವೆ ಮಾತುಕತೆಯಲ್ಲಿ ನಮ್ಮ ಕಡೆ ಏನೇನೆಲ್ಲ ಕೇಳ್ತಾರೆ ನೋಡಿ. ಯಾವ ಊರು, ಯಾವ ಮನೆತನ, ಪಗಾರ ಎಷ್ಟು, ಹೊಲ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ. ಜಾತಕ ನೋಡುವವರು ಜಾತಕಾನೂ ನೋಡ್ತಾರೆ. ಆದರೆ "ದೇವರ ಬಗ್ಗೆ ನಿನಗೆ ಏನನ್ನಿಸುತ್ತೆ?" ಅಂತ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಯಾರೂ ಕೇಳೋದಿಲ್ಲ. ದೇವರ ಮನೆ ಎಲ್ಲರ ಮನೆಯಲ್ಲೂ ಇರುತ್ತೆ, ಅದರಲ್ಲಿ ಕೇಳೋದೇನು ಅನ್ನೋ ಲೆಕ್ಕ.

ನಮ್ಮನ್ನೂ ಯಾರೂ ಕೇಳಲಿಲ್ಲ. ಸೋಮವಾರ ಬಂತೆಂದರೆ ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ ಬರುವ ಮನೆಯಲ್ಲಿ ಬೆಳೆದವಳು ನಾನು. ನನ್ನ ಗಂಡ ಧಾರವಾಡದವರು. ದೇವರನ್ನು ಬೈಯೋದಿಲ್ಲ, ನಂಬೋದೂ ಇಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಈ ವಿಷಯ ನನಗೆ ಗೊತ್ತಾಯಿತು. ಅದಕ್ಕಾಗಿ ಜಗಳವೇನೂ ಆಗಲಿಲ್ಲ. ನಾನು ಗುಡಿಯ ಒಳಗೆ, ಅವರು ಹೊರಗೆ ಚಪ್ಪಲಿ ಕಾಯುತ್ತ ನಿಲ್ಲೋದು ರೂಢಿಯಾಯಿತು. "ಮಾಮಾರು ಚಪ್ಪಲಿ ಸ್ಟ್ಯಾಂಡ್ ಗುತ್ತಿಗಿ ಹಿಡದಾರೇನ ಅಕ್ಕಾ?" ಅಂತ ನನ್ನ ತಂಗಿ ಚಾಷ್ಟಿ ಮಾಡ್ತಿದ್ದಳು. ಎಲ್ಲರೂ ನಗ್ತಿದ್ದೆವು.

ನಗುವ ಮಾತು ಭಾರವಾಗಿದ್ದು ಹೋದ ವರ್ಷ. ಐದನೇ ತಿಂಗಳಲ್ಲಿ ನಮ್ಮ ಮಗು ಉಳಿಯಲಿಲ್ಲ. ಇದು ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಆದರೂ ನೋಡಲು ಬಂದ ಹತ್ತಿರದ ಸಂಬಂಧಿಯೊಬ್ಬರು ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಮನಿ ಯಜಮಾನ ದೇವರಿಗೆ ಕೈ ಮುಗಿಯಲಾರದ್ದಕ್ಕ ಹಿಂಗಾತು ನೋಡವಾ" ಅಂದರು. "ಡಾಕ್ಟರ್ ಬ್ಯಾರೇನ ಹೇಳ್ಯಾರ ಚಿಗವ್ವಾ" ಅಂದು ಚಹಾ ಸೋಸಿದೆ. ಆ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಅದಾದ ಮೇಲೆ ನಾನು ವಾರಕ್ಕೆ ಮೂರು ನಾಲ್ಕು ಸಲ ಮಠಕ್ಕೆ ಹೋಗತೊಡಗಿದೆ. ಪ್ರತಿ ಸಲವೂ ಅವರೇ ಬೈಕ್ ಮೇಲೆ ಕರೆದುಕೊಂಡು ಹೋಗ್ತಿದ್ದರು, ಪ್ರತಿ ಸಲವೂ ಹೊರಗೇ ನಿಲ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ: "ಇಂಥಾ ಹೊತ್ತಿನ್ಯಾಗರ ಒಳಗ ಬಂದು ಒಮ್ಮೆ ಕೈ ಮುಗೀಬಾರದೇನ್ರೀ?"

"ನೀ ಒಳಗ ಅಳ್ತಿ, ನಾ ಹೊರಗ ಅಳ್ತೀನಿ. ಒಳಗ ಬಂದು ಸುಳ್ಳ ಕೈ ಮುಗಿದ್ರ ನನಗ ಅಳಾಕೂ ಬರೂದಿಲ್ಲ. ನೀ ಹೋಗಿ ಬಾ, ನಾ ಇಲ್ಲೇ ಇರ್ತೀನಿ" ಅಂದರು.

ಇಬ್ಬರಿಗೂ ಇರುವ ದುಃಖ ಒಂದೇ. ಆದರೆ ಅದನ್ನು ಇಳಿಸುವ ಜಾಗ ಒಂದೇ ಅಲ್ಲ. ಹಾಗಾದರೆ ನಾವು ಹತ್ತಿರ ಇದ್ದೇವಾ, ದೂರ ಇದ್ದೇವಾ? ಚಿಗರಿ ಬಸ್ಸಿನಲ್ಲಿ ಆಫೀಸಿಗೆ ಹೋಗಿ ಬರುವಾಗೆಲ್ಲ ಈ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿರುತ್ತಿತ್ತು. ಉತ್ತರಕ್ಕಾಗಿ ದೂರದ ಪುಸ್ತಕಗಳಿಗೆ ಹೋಗಲಿಲ್ಲ. ಈ ಅವಳಿ ನಗರದ ಸುತ್ತಮುತ್ತ ಬದುಕಿ ಹೋದ ಕೆಲವರ ಕಥೆಗಳನ್ನು ಮತ್ತೆ ಓದಿದೆ, ಹಿರಿಯರನ್ನು ಕೇಳಿದೆ.

ಹಾಡು ನಿಲ್ಲಿಸಿದ ತಾಯಿ

ಗಂಗೂಬಾಯಿ ಹಾನಗಲ್ಲರ ಹೆಸರು ಕೇಳದ ಹುಬ್ಬಳ್ಳಿಯವರು ಇರಲಿಕ್ಕಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ಕಣ್ಣು ಮುಚ್ಚಿದರು. ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ ಕಥೆ ನಮ್ಮ ಕಡೆ ಮನೆಮಾತು. 2002ರಲ್ಲಿ ಪದ್ಮವಿಭೂಷಣವೂ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ತಾಯಿ ಅಂಬಾಬಾಯಿಯ ಕಥೆ. ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಮನಸ್ಸು ಹಿಂದೂಸ್ತಾನಿ ಕಡೆ ವಾಲಿತು. ಮನೆಯಲ್ಲಿ ಎರಡು ಪದ್ಧತಿ ಕಿವಿಗೆ ಬಿದ್ದರೆ ಕಲಿಯುವ ಹುಡುಗಿಯ ದಾರಿಗೆ ಅಡ್ಡಿಯಾದೀತು ಅಂತ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು.

ಇದನ್ನು ಯೋಚಿಸಿ ನೋಡಿ. ನನ್ನ ಹಾಡನ್ನೇ ಕಲಿ ಅಂತ ಹಟ ಮಾಡಬಹುದಿತ್ತು. ಹಾಡುವವರಿಗೆ ಹಾಡು ಬರೀ ಕೆಲಸವಲ್ಲ, ಪೂಜೆಯೂ ಹೌದು. ಅದನ್ನು ಬಿಟ್ಟು ಮಗಳ ಪೂಜೆಗೆ ಜಾಗ ಮಾಡಿಕೊಟ್ಟರು. ಮುಂದೆ ನಾಡೆಲ್ಲ ಕೇಳಿದ ಆ ಗಂಡುದನಿಯ ಹಿಂದೆ ತಾಯಿಯೊಬ್ಬಳ ಮೌನ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜಾಗ ಬಿಟ್ಟುಕೊಡುವ ಕೆಲಸ ಯಾವಾಗಲೂ ಹೆಣ್ಣಿನ ಪಾಲಿಗೇ ಯಾಕೆ ಬರುತ್ತೆ? ಅಂಬಾಬಾಯಿಯನ್ನು ನೆನೆದು ಕೈ ಮುಗಿಯುತ್ತೇನೆ. ಆದರೆ ಅವರ ಕಥೆ ಹೇಳಿ ಇಂದಿನ ಸೊಸೆಯಂದಿರಿಗೆ "ನೀನೂ ಬಿಡು" ಅನ್ನುವವರ ಜೊತೆ ನಾನಿಲ್ಲ. ಬಿಟ್ಟುಕೊಡುವುದು ಒಂದೇ ಕಡೆಯಿಂದ ಆದರೆ ಅದು ಪ್ರೀತಿಯಾಗಿ ಉಳಿಯೋದಿಲ್ಲ, ಪದ್ಧತಿಯಾಗಿಬಿಡುತ್ತೆ. ಅದಕ್ಕೇ ಎರಡನೇ ಕಥೆ ನನಗೆ ಬೇಕಾಯಿತು.

ಹೆಸರು ಬದಲಿಸದ ಗುರು

ಶಿಶುನಾಳ ಇಲ್ಲಿಂದ ಬಹಳ ದೂರವಲ್ಲ. ಈಗ ಹಾವೇರಿ ಜಿಲ್ಲೆಗೆ ಸೇರಿದೆ, 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. 1819ರಲ್ಲಿ ಅಲ್ಲಿ ಇಮಾಮ್ ಸಾಹೇಬ ಮತ್ತು ಹಜ್ಜೂಮಾ ದಂಪತಿಗೆ ಹುಟ್ಟಿದ ಶರೀಫರು ಹುಡುಕಿಕೊಂಡ ಗುರು ಕಳಸದ ಗೋವಿಂದ ಭಟ್ಟರು. ಶಿಷ್ಯ ಮುಸಲ್ಮಾನ, ಗುರು ಬ್ರಾಹ್ಮಣ. ಹತ್ತೊಂಬತ್ತನೇ ಶತಮಾನದ ಹಳ್ಳಿ. ಎರಡೂ ಕಡೆಯವರು ಏನೇನು ಅಂದಿರಬೇಕು ಅಂತ ನಾವು ಊಹಿಸಬಹುದು.

ಗುರು ಶಿಷ್ಯನ ಕೊರಳಿಗೆ ಜನಿವಾರ ಹಾಕಿದರು ಅಂತ ಜನ ಕಥೆ ಹೇಳ್ತಾರೆ. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡಿದ್ದು, ಇಷ್ಟೆಲ್ಲ ಆದರೂ ಶರೀಫರು ಶರೀಫರಾಗಿಯೇ ಉಳಿದರು ಅನ್ನೋದು. ಗುರು ಹೆಸರು ಬದಲಿಸು ಅನ್ನಲಿಲ್ಲ, ಶಿಷ್ಯ ಹುಟ್ಟಿದ ಮನೆಯನ್ನು ಬಿಟ್ಟು ಬರಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಧರ್ಮದವರು ತಮ್ಮ ತಮ್ಮ ರೀತಿಯಲ್ಲಿ ಕೊನೆಯ ವಿಧಿ ನಡೆಸಿದರು. ಇವತ್ತಿಗೂ ಶಿಶುನಾಳದ ಗದ್ದುಗೆಗೆ ಎರಡೂ ಕಡೆಯ ಜನ ಬರ್ತಾರೆ. ಸಿ. ಅಶ್ವತ್ಥ್ ಅವರ ದನಿಯಲ್ಲಿ ಶರೀಫರ ಪದಗಳನ್ನು ಕೇಳದೆ ನಮ್ಮ ಯಾವ ಊರಿನ ಗಣೇಶೋತ್ಸವವೂ ಮುಗಿಯೋದಿಲ್ಲ.

ಇಲ್ಲಿ ಜಾಗ ಬಿಟ್ಟವರು ಯಾರು ನೋಡಿ. ಸಮಾಜದಲ್ಲಿ ಮೇಲೆ ಕೂತವರು, ಕಳೆದುಕೊಳ್ಳಲು ಮರ್ಯಾದೆ ಇದ್ದವರು. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಮೊದಲು ಸರಿದು ಕೂತರೆ ಎದುರಿಗಿದ್ದವರು ಹೆದರದೆ ಹತ್ತಿರ ಬರುತ್ತಾರೆ. ಗಂಡ ಹೆಂಡತಿಗೂ ಇದು ಸಲ್ಲುತ್ತೆ, ಅತ್ತೆ ಸೊಸೆಗೂ ಸಲ್ಲುತ್ತೆ, ಆಫೀಸಿನ ಮ್ಯಾನೇಜರ್‌ಗೂ ಸಲ್ಲುತ್ತೆ.

ಸಾಧನಕೇರಿಯ ಮನೆ

ಮೂರನೆಯದು ಕವಿಯ ಮನೆ. ಧಾರವಾಡದ ಸಾಧನಕೇರಿಯ ದ.ರಾ. ಬೇಂದ್ರೆಯವರನ್ನು ನಾವು ಶಾಲೆಯಲ್ಲಿ ಓದಿದ್ದು ವರಕವಿ ಅಂತ, 'ನಾಕುತಂತಿ'ಗೆ 1973ರ ಜ್ಞಾನಪೀಠ ಬಂತು ಅಂತ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅವರೂ ಅವರ ಹೆಂಡತಿ ಲಕ್ಷ್ಮೀಬಾಯಿಯವರೂ ಒಬ್ಬರಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು ಅನ್ನೋದು ಆಗ ಮನಸ್ಸಿಗೆ ತಟ್ಟಿರಲಿಲ್ಲ. ಹೋದ ವರ್ಷ ತಟ್ಟಿತು.

1937ರಲ್ಲಿ ಬಂದ 'ಸಖೀಗೀತ' ಅವರ ದಾಂಪತ್ಯದ ಕಾವ್ಯ. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೇಳುವ ಮಾತಾಗಿ ಅವರು ಬರೆದ ಇನ್ನೊಂದು ಕವಿತೆಯನ್ನು ನೀವು ಕೇಳಿರುತ್ತೀರಿ. ಹೆಂಡತಿಯ ನೋಟವನ್ನು ತಡೆದುಕೊಳ್ಳಲಾಗದ ಗಂಡ ಅಲ್ಲಿದ್ದಾನೆ. ಸಮಾಧಾನ ಹೇಳೋದಿಲ್ಲ, ತತ್ವ ಹೇಳೋದಿಲ್ಲ. ಅವಳ ಕಣ್ಣಲ್ಲಿರುವುದನ್ನು ನೋಡಿ ತಾನೂ ಒಡೆದುಹೋಗುತ್ತಾನೆ. ಆದರೆ ಎದ್ದು ಹೋಗೋದಿಲ್ಲ.

ಆ ಕವಿತೆಯನ್ನು ಹಾಡಾಗಿ ಕೇಳಿದ ರಾತ್ರಿ ನನಗೆ ಒಂದು ವಿಷಯ ಬಿಡಿಸಿದಂತಾಯಿತು. ದುಃಖದಲ್ಲಿ ಇರುವವರಿಗೆ ನಾವು ಎರಡು ಥರ ನೋವು ಕೊಡ್ತೀವಿ. ಒಂದು, ನನ್ನ ಹಾಗೆಯೇ ಅಳು, ನನ್ನ ದೇವರಿಗೇ ಮೊರೆಯಿಡು ಅಂತ ಮೇಲೆ ಬೀಳೋದು. ಇನ್ನೊಂದು, "ಅವರಿಗೆ ಸ್ಪೇಸ್ ಬೇಕು" ಅಂತ ಫೋನ್ ಹಿಡಿದುಕೊಂಡು ಇನ್ನೊಂದು ಕೋಣೆಗೆ ಹೋಗಿಬಿಡೋದು. ಮೊದಲನೆಯದರಲ್ಲಿ ಜಾಗವೇ ಇಲ್ಲ, ಎರಡನೆಯದರಲ್ಲಿ ಮನುಷ್ಯನೇ ಇಲ್ಲ. ಜಾಗ ಬಿಡೋದು ಬೇರೆ, ಕೈ ಬಿಡೋದು ಬೇರೆ.

ನನ್ನ ಗಂಡ ಮಠದ ಹೊರಗೆ ನಿಂತು ಮಾಡುತ್ತಿದ್ದದ್ದು ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ. ಒಳಗೆ ಬರಲಿಲ್ಲ, ಹೊರಟೂ ಹೋಗಲಿಲ್ಲ. ಮಳೆ ಬಂದ ದಿನವೂ ಅಲ್ಲೇ ಇದ್ದರು. ಇದನ್ನು ಯಾವ ದೇವರ ಲೆಕ್ಕಕ್ಕೆ ಹಾಕಬೇಕೋ ನನಗೆ ಗೊತ್ತಿಲ್ಲ, ಆದರೆ ಇದು ಭಕ್ತಿಗಿಂತ ಕಡಿಮೆ ಅಂತ ಹೇಳಲು ನನ್ನ ಬಾಯಿ ಬರೋದಿಲ್ಲ.

ಪಂಕ್ತಿಯಲ್ಲಿ ಯಾರೂ ಕೇಳೋದಿಲ್ಲ

ಸಿದ್ಧಾರೂಢರು 1836ರಲ್ಲಿ ಬೀದರ್ ಕಡೆಯ ಚಳಕಾಪುರದಲ್ಲಿ ಹುಟ್ಟಿ, ಊರೂರು ತಿರುಗಿ ಕೊನೆಗೆ ಹುಬ್ಬಳ್ಳಿಯಲ್ಲಿ ನೆಲೆನಿಂತವರು. 1929ರಲ್ಲಿ ಸಮಾಧಿಯಾದರು. ಈಗ ನಮ್ಮ ರೈಲು ನಿಲ್ದಾಣಕ್ಕೂ ಅವರದೇ ಹೆಸರು. 1,507 ಮೀಟರ್ ಉದ್ದದ ಆ ಪ್ಲಾಟ್‌ಫಾರ್ಮ್‌ನ ಫೋಟೋ ನಿಮ್ಮ ಫೋನಿಗೂ ಬಂದಿರುತ್ತೆ. ಅವರು ಬೋಧಿಸಿದ್ದು ಅದ್ವೈತ. ಎರಡಿಲ್ಲ ಅನ್ನುವ ಮಾತು. ನನ್ನಂಥ ಸಂಸಾರಸ್ಥಳಿಗೆ ಅದರ ಪೂರ್ತಿ ಅರ್ಥ ದಕ್ಕಿದೆ ಅಂತ ಹೇಳಲಾರೆ. ಆದರೆ ಎರಡಿಲ್ಲ ಅಂದರೆ ಇಬ್ಬರೂ ಒಂದೇ ಅಚ್ಚಿನಲ್ಲಿ ಇರಬೇಕು ಅಂತಲ್ಲ ಅನ್ನೋದು ಮಠದ ಪ್ರಸಾದದ ಸಾಲಿನಲ್ಲಿ ಅರ್ಥವಾಯಿತು.

ಒಂದು ಸೋಮವಾರ ನಾನು ದರ್ಶನ ಮುಗಿಸಿ ಬಂದಾಗ ಮಧ್ಯಾಹ್ನ ದಾಟಿತ್ತು. "ಹಸಿವಾಗೈತಿ, ಪ್ರಸಾದಕ್ಕ ನಾನೂ ಬರ್ತೀನಿ" ಅಂದರು. ದಾಸೋಹದಲ್ಲಿ ನಮ್ಮ ಒಂದು ಕಡೆ ಹಮಾಲಿ ಕೆಲಸದ ಅಣ್ಣ, ಇನ್ನೊಂದು ಕಡೆ ಬ್ಯಾಗಿನ ಸಮೇತ ಬಂದ ಕಾಲೇಜು ಹುಡುಗರು. ಬಡಿಸುತ್ತಿದ್ದ ಅಜ್ಜನಿಗೆ ನನ್ನ ಗಂಡ ಅರ್ಧ ನಗುತ್ತ ಕೇಳಿದರು: "ಅಜ್ಜಾರ, ಕೈ ಮುಗಿಯಲಾರದವರು ಉಂಡ್ರ ನಡೀತೈತೇನ್ರಿ?"

ಅಜ್ಜ ಸೌಟು ನಿಲ್ಲಿಸಲಿಲ್ಲ. "ಹಸದೀರಿಲ್ಲೋ? ಉಣ್ರಿ" ಅಂದು ಅನ್ನದ ಮೇಲೆ ಸಾರು ಹಾಕಿ ಮುಂದಿನವರ ಕಡೆ ಹೋದರು.

ಅಷ್ಟೇ. ಯಾವ ಪ್ರವಚನವೂ ಇಲ್ಲ. ಅವತ್ತೂ ಅವರು ಕೈ ಮುಗಿಯಲಿಲ್ಲ, ಇವತ್ತಿಗೂ ಮುಗಿಯೋದಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಇಬ್ಬರೂ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡೆವು. ಮನೆಗೆ ಬಂದ ಮೇಲೆ, ಮಗುವಿಗೆ ಅಂತ ಯೋಚಿಸಿಟ್ಟಿದ್ದ ಹೆಸರನ್ನು ಅವರೇ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಹೆಸರು, ಹಾಗೇ ಇರಲಿ.

ನಿಮಗೆ ಹೇಳೋದಿಷ್ಟೇ

ನಿಮ್ಮ ಜೋಡಿ, ನಿಮ್ಮ ಅಪ್ಪ ಅಮ್ಮ, ನಿಮ್ಮ ಗೆಳತಿ, ಯಾರಾದರೂ ಸರಿ, ನಂಬಿಕೆಯಲ್ಲಿ ನಿಮ್ಮಂತೆ ಇಲ್ಲದಿರಬಹುದು. ನೀವು ಧ್ಯಾನದ ಆ್ಯಪ್ ಹಾಕಿಕೊಂಡು ಕೂತರೆ ಅವರು ಉಪವಾಸ ಹಿಡಿಯಬಹುದು. ನೀವು ಉಪವಾಸ ಹಿಡಿದರೆ ಅವರು ಸಂಡೇ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ ಸುಮ್ಮನೆ ಕೂತು ಬರಬಹುದು. ಯಾರು ಸರಿ ಅನ್ನುವ ವಾದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದಿನಾ ನಡೆಯುತ್ತೆ, ಅದನ್ನು ಊಟದ ಹೊತ್ತಿಗೆ ತರೋದು ಬೇಡ.

ಬದಲಿಗೆ ಒಂದು ಪ್ರಶ್ನೆ ಕೇಳಿ ನೋಡಿ: "ಇದರಾಗ ನಿನಗ ಏನು ಸಿಗ್ತೈತಿ?" ಕೇಳಿದ ಮೇಲೆ ಐದು ನಿಮಿಷ ನಡುವೆ ಬಾಯಿ ಹಾಕಬೇಡಿ. ತಿದ್ದಬೇಡಿ, ನಗಬೇಡಿ, ಫೋನ್ ನೋಡಬೇಡಿ. ನಾವು ಈಗ ತಿಂಗಳಿಗೊಮ್ಮೆಯಾದರೂ ಹಿಂಗೆ ಕೂಡ್ತೀವಿ. ಕೆಲವು ಸಲ ಉತ್ತರ ಬರುತ್ತೆ. ಕೆಲವು ಸಲ "ಗೊತ್ತಿಲ್ಲ, ಆದ್ರ ಸಮಾಧಾನ ಅನಿಸ್ತೈತಿ" ಅಂತ ಮಾತ್ರ ಬರುತ್ತೆ. ಅಷ್ಟು ಬಂದರೂ ಅವತ್ತಿನ ಮಟ್ಟಿಗೆ ಸಾಕು.