ಕಾರಿಗೆ ಕಾರ್ಬನ್ ಫೈಬರ್ ಬಾನೆಟ್ ಅಳವಡಿಕೆ: ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಕಾರಿನ ಎಂಜಿನ್ನಿನ ಮೇಲಿರುವ ಮುಚ್ಚಳವನ್ನು ಬಾನೆಟ್ ಎಂದು ಕರೆಯಲಾಗುತ್ತದೆ. ಕೆಲವು ವಾಹನ ಮಾಲೀಕರು ತಯಾರಕರು ನೀಡಿದ ಉಕ್ಕಿನ ಬಾನೆಟ್‌ನ್ನು ತೆಗೆದು, ಹೊರಗಿನ ಮಾರುಕಟ್ಟೆಯಲ್ಲಿ ದೊರೆಯುವ ಕಾರ್ಬನ್ ಫೈಬರ್ ಬಾನೆಟ್‌ನ್ನು ಅಳವಡಿಸಿಕೊಳ್ಳುತ್ತಾರೆ. ಇಂತಹ ಬಾನೆಟ್ ಸರಿಯಾಗಿ ಬಿಗಿಯಾಗದಿದ್ದಲ್ಲಿ ವೇಗದ ಚಾಲನೆಯಲ್ಲಿ ಮೇಲೆದ್ದು ಮುಂಭಾಗದ ಗಾಜಿಗೆ ಬಡಿಯುವ ಸಂಭವವಿರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಅಂದರೆ ಚಾಲಕನಿಗೆ ಮೂರು ಸೆಕೆಂಡು ರಸ್ತೆ ಕಾಣದಿದ್ದರೆ ಕಾರು 60 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಚಲಿಸಿರುತ್ತದೆ. ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯಂತಹ ಗ್ರಾಮಾಂತರ ಭಾಗಗಳಲ್ಲಿ ಜಾನುವಾರುಗಳು, ಶಾಲಾ ಮಕ್ಕಳು, ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆಯೇ ರಾಗಿ ಒಕ್ಕಣೆ ಮಾಡುವವರು ಇರುವುದರಿಂದ ಇದರ ಪರಿಣಾಮವು ಕಾರಿನಲ್ಲಿರುವವರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಾರ್ಬನ್ ಫೈಬರ್ ಎಂದರೇನು?

ಇಂಗಾಲದ ಅತಿ ಸಣ್ಣ ಎಳೆಗಳಿಂದ ನೇಯ್ದ ಬಟ್ಟೆಯ ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಗಟ್ಟಿಗೊಳಿಸಿ ಈ ವಸ್ತುವನ್ನು ತಯಾರಿಸಲಾಗುತ್ತದೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಾಟ ನಡೆಸಿದ ತೇಜಸ್ ಯುದ್ಧ ವಿಮಾನದ ದೇಹದ ಹೆಚ್ಚಿನ ಭಾಗವನ್ನು ಇದೇ ಬಗೆಯ ವಸ್ತುವಿನಿಂದ ನಿರ್ಮಿಸಲಾಗಿದೆ. ವಸ್ತು ಹಗುರ ಹಾಗೂ ದೃಢವಾಗಿರುವುದು ನಿಜ. ಆದರೆ ಉಕ್ಕು ಹೆಚ್ಚಿನ ಭಾರ ಬಿದ್ದಾಗ ಬಾಗುತ್ತದೆ, ಕಾರ್ಬನ್ ಫೈಬರ್ ಬಾಗದೆ ಸೀಳುತ್ತದೆ. ಬೋಲ್ಟು ಕೂರುವ ರಂಧ್ರದ ಸುತ್ತ ಈ ಸೀಳು ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲದೆ ಕಡಿಮೆ ಬೆಲೆಯ ಕೆಲವು ಬಾನೆಟ್‌ಗಳಲ್ಲಿ ಮೇಲಿನ ಒಂದು ಪದರ ಮಾತ್ರ ಕಾರ್ಬನ್ ಆಗಿದ್ದು, ಒಳಭಾಗವು ಸಾಧಾರಣ ಫೈಬರ್ ಗ್ಲಾಸ್ ಆಗಿರುತ್ತದೆ.

ಇದರಿಂದಾಗುವ ಉಳಿತಾಯವನ್ನೂ ಮಾಲೀಕರು ಲೆಕ್ಕ ಹಾಕಿ ನೋಡುವುದು ಒಳಿತು. 1,000 ಕಿ.ಗ್ರಾಂ. ತೂಕದ ಕಾರಿನಲ್ಲಿ ಬಾನೆಟ್ ಬದಲಾವಣೆಯಿಂದ 8 ಕಿ.ಗ್ರಾಂ. ಕಡಿಮೆಯಾದರೂ ಅದು ಒಟ್ಟು ತೂಕದ ಶೇಕಡ 1ಕ್ಕಿಂತ ಕಡಿಮೆ. ದಿನನಿತ್ಯದ ಬಳಕೆಯಲ್ಲಿ ಇಂಧನ ವೆಚ್ಚದ ಮೇಲೆ ಇದರ ಪರಿಣಾಮ ಅತ್ಯಲ್ಪ.

ಬಾನೆಟ್ ಏಕೆ ಮೇಲೇಳುತ್ತದೆ?

ಕಾರು ಚಲಿಸುವಾಗ ಬಾನೆಟ್‌ನ ಮೇಲೆ ಹರಿಯುವ ಗಾಳಿ ಹಾಗೂ ಅದರ ಕೆಳಗೆ ಸೇರುವ ಗಾಳಿಯ ಒತ್ತಡದ ವ್ಯತ್ಯಾಸದಿಂದ ಬಾನೆಟ್‌ನ್ನು ಮೇಲಕ್ಕೆತ್ತುವ ಬಲ ಉಂಟಾಗುತ್ತದೆ. ವೇಗ ಎರಡು ಪಟ್ಟಾದಲ್ಲಿ ಈ ಬಲವು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನಗರಗೆರೆಯಿಂದ ಗೌರಿಬಿದನೂರಿಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಅಲುಗಾಡದ ಬಾನೆಟ್, ರಾಷ್ಟ್ರೀಯ ಹೆದ್ದಾರಿ 44ರಲ್ಲಿ 100 ಕಿ.ಮೀ. ವೇಗದಲ್ಲಿಯೂ ಭದ್ರವಾಗಿರುತ್ತದೆಂದು ಭಾವಿಸಬಾರದು.

ಕಾರುಗಳ ಬಾನೆಟ್‌ಗೆ ಸಾಮಾನ್ಯವಾಗಿ ಎರಡು ಹಂತದ ಹಿಡಿತವಿರುತ್ತದೆ. ಚಾಲಕನ ಬಳಿಯ ಹಿಡಿಯನ್ನು ಎಳೆದಾಗ ಮುಖ್ಯ ಲಾಕ್ ಬಿಡುತ್ತದೆ. ನಂತರ ಬಾನೆಟ್‌ನ ಅಡಿಯಲ್ಲಿ ಬೆರಳು ಹಾಕಿ ಎತ್ತಬೇಕಾದ ಕೊಕ್ಕೆಯು ಎರಡನೆಯ ಹಿಡಿತ. ಮುಖ್ಯ ಲಾಕ್ ವಿಫಲವಾದಾಗ ಚಾಲಕನನ್ನು ಕಾಪಾಡುವುದು ಈ ಕೊಕ್ಕೆಯೇ. ಹೊಸ ಬಾನೆಟ್ ಅಳವಡಿಸುವಾಗ ಈ ಎರಡನೆಯ ಹಿಡಿತವನ್ನು ಯಾವುದೇ ಕಾರಣಕ್ಕೂ ತೆಗೆದುಹಾಕಬಾರದು.

ಕಾನೂನಿನ ಅವಕಾಶಗಳು

1. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.

2. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಇದೇ ನಿಲುವನ್ನು ಎತ್ತಿ ಹಿಡಿದಿದೆ.

3. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4)ರ ಅನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

4. ನೋಂದಣಿ ಪ್ರಮಾಣ ಪತ್ರದಲ್ಲಿ ವಾಹನದ ಬಣ್ಣ ಹಾಗೂ ಖಾಲಿ ತೂಕ ನಮೂದಾಗಿರುತ್ತವೆ. ಬಿಳಿ ಅಥವಾ ಕೆಂಪು ಕಾರಿಗೆ ಕಪ್ಪು ಬಾನೆಟ್ ಅಳವಡಿಸುವವರು ಈ ಅಂಶವನ್ನು ಗಮನಿಸತಕ್ಕದ್ದು.

ಆದ್ದರಿಂದ ಬಾನೆಟ್ ಖರೀದಿಸುವ ಮುನ್ನವೇ ನೋಂದಣಿ ಪ್ರಾಧಿಕಾರದಿಂದ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ. ಕೆ.ಎ. 40 ನೋಂದಣಿಯ ವಾಹನಗಳ ಮಾಲೀಕರು ಚಿಕ್ಕಬಳ್ಳಾಪುರದ ಪ್ರಾದೇಶಿಕ ಸಾರಿಗೆ ಕಚೇರಿಯನ್ನು, ಕೆ.ಎ. 67 ನೋಂದಣಿಯವರು ಚಿಂತಾಮಣಿಯ ಕಚೇರಿಯನ್ನು ಸಂಪರ್ಕಿಸಬಹುದು. ವಿಮಾ ಸಂಸ್ಥೆಗೂ ಬದಲಾವಣೆಯನ್ನು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದಲ್ಲಿ ಪರಿಹಾರದ ಕೋರಿಕೆಯು ವಿವಾದಕ್ಕೆ ಒಳಗಾಗುವ ಸಾಧ್ಯತೆಯಿದೆ.

ಅಳವಡಿಕೆಯ ಕ್ರಮ

1. ಬಾನೆಟ್‌ನ ಒಳಭಾಗದಲ್ಲಿ ಲಾಕ್‌ನ ಕೊಂಡಿ ಕೂರುವ ಜಾಗವನ್ನು ಮೊದಲು ಪರಿಶೀಲಿಸಬೇಕು. ಅಲ್ಲಿ ಲೋಹದ ಬಲಪಟ್ಟಿ ಇಲ್ಲದಿದ್ದರೆ, ಅಥವಾ ಕೊಂಡಿಯನ್ನು ಕೇವಲ ಅಂಟಿನಿಂದ ಕೂರಿಸಿದ್ದರೆ, ಅಂತಹ ಬಾನೆಟ್‌ನ್ನು ರಸ್ತೆಯ ಬಳಕೆಗೆ ತೆಗೆದುಕೊಳ್ಳಬಾರದು.

2. ಹಳೆಯ ಬಾನೆಟ್ ತೆಗೆಯುವ ಮುನ್ನ ಹಿಂಜ್‌ಗಳ ಸ್ಥಾನವನ್ನು ಗುರುತು ಮಾಡಿಕೊಳ್ಳಬೇಕು. ಈ ಕೆಲಸಕ್ಕೆ ಕನಿಷ್ಠ ಇಬ್ಬರು ಅವಶ್ಯಕ. ಹಳೆಯ ಬಾನೆಟ್‌ನ್ನು ಮಾರದೆ ಜೋಪಾನವಾಗಿಡುವುದು ಒಳ್ಳೆಯದು.

3. ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಪದರಗಳು ನಲುಗುತ್ತವೆ. ಅಗಲವಾದ ವಾಷರ್ ಬಳಸಿ ಭಾರವನ್ನು ಹಂಚಬೇಕು. ಕಾರ್ಬನ್ ಫೈಬರ್ ತಗುಲಿದ ಅಲ್ಯೂಮಿನಿಯಂ ಹಾಗೂ ಸಾಮಾನ್ಯ ಉಕ್ಕು ತೇವದಲ್ಲಿ ಬೇಗ ಸವೆಯುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಗೂ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಬಳಸಬೇಕು.

4. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. ಬ್ಯಾಟರಿಯ ತುದಿಗಳು ಬಾನೆಟ್‌ಗೆ ತಗುಲದಂತೆ ಸಾಕಷ್ಟು ಅಂತರವಿರಬೇಕು, ತುದಿಗಳಿಗೆ ಮುಚ್ಚಳ ಇರಬೇಕು.

5. ಉಕ್ಕಿನ ಬಾನೆಟ್‌ಗಾಗಿ ಇರುವ ಗ್ಯಾಸ್ ಆಧಾರ ಕಂಬಗಳು ಹಗುರವಾದ ಬಾನೆಟ್‌ನ್ನು ಅತಿಯಾಗಿ ತಳ್ಳಿ ಅದರ ಆಕಾರವನ್ನು ಕೆಡಿಸುತ್ತವೆ. ಕಡಿಮೆ ಬಲದವುಗಳನ್ನು ಹಾಕಿಸಬೇಕು.

6. ಬಾನೆಟ್ ಮುಚ್ಚುವ ಮುನ್ನ, ಲಾಕ್‌ನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿ, ಒಳಗಿನ ಹಿಡಿಯಿಂದ ಬಿಡಿಸಿ ನೋಡಬೇಕು. ಹಾಗೆ ಮಾಡದೆ ಮುಚ್ಚಿದ ಬಾನೆಟ್ ತೆರೆಯದೇ ಹೋಗಬಹುದು.

ಹೆಚ್ಚುವರಿ ಪಿನ್‌ಗಳು

ಮುಂಭಾಗದ ಎರಡೂ ಮೂಲೆಗಳಲ್ಲಿ ಅಳವಡಿಸುವ ಬಾನೆಟ್ ಪಿನ್‌ಗಳು ಮೂಲ ಲಾಕ್‌ಗೆ ಸಹಾಯಕವೇ ಹೊರತು ಬದಲಿಯಲ್ಲ. ಪಿನ್‌ನ ಬುಡವನ್ನು ಕಾರಿನ ಮುಂಭಾಗದ ಉಕ್ಕಿನ ಅಡ್ಡಪಟ್ಟಿಗೆ ಎರಡೂ ಕಡೆ ನಟ್ ಹಾಕಿ ಬಿಗಿಯಬೇಕು; ಪ್ಲಾಸ್ಟಿಕ್ ಭಾಗಕ್ಕೆ ಬಿಗಿಯಬಾರದು. ಪಿನ್‌ನ ತುದಿಗೆ ಬಣ್ಣ ಹಚ್ಚಿ ಬಾನೆಟ್‌ನ್ನು ನಿಧಾನವಾಗಿ ಇಳಿಸಿದರೆ ರಂಧ್ರದ ಸರಿಯಾದ ಸ್ಥಾನ ತಿಳಿಯುತ್ತದೆ. ಆ ಜಾಗಕ್ಕೆ ಟೇಪ್ ಅಂಟಿಸಿ, ಹರಿತವಾದ ಬಿಟ್‌ನಿಂದ ನಿಧಾನವಾಗಿ ಕೊರೆಯಬೇಕು. ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಕೆಲಸಗಾರರು ಮುಖಗವಸು, ಕನ್ನಡಕ ಹಾಗೂ ಕೈಗವಸು ಧರಿಸತಕ್ಕದ್ದು. ರಂಧ್ರದ ಅಂಚಿಗೆ ಎಪಾಕ್ಸಿ ಲೇಪಿಸಿ ನೀರು ಇಳಿಯದಂತೆ ಮಾಡಬೇಕು.

ಪಿನ್‌ಗಳು ಚೂಪಾಗಿ ಹೊರಚಾಚಿದ್ದರೆ ಪಾದಚಾರಿಗಳಿಗೆ ಗಾಯವಾಗುತ್ತದೆ. ಮೇಲ್ಮೈಗೆ ಸಮನಾಗಿ ಕೂರುವ ಬಗೆಯವನ್ನೇ ಆರಿಸಬೇಕು. ಪಾದಚಾರಿಗಳ ರಕ್ಷಣೆಗಾಗಿ ನಮ್ಮ ದೇಶದಲ್ಲಿ ಎ.ಐ.ಎಸ್. 100 ಎಂಬ ಮಾನದಂಡವಿದ್ದು, ಅದಕ್ಕೆ ಅನುಗುಣವಾಗಿ ರೂಪಿಸಿದ ಮೂಲ ಬಾನೆಟ್ ಡಿಕ್ಕಿಯ ಆಘಾತವನ್ನು ತಗ್ಗಿಸುತ್ತದೆ. ಬದಲಿ ಬಾನೆಟ್‌ನಲ್ಲಿ ಆ ಗುಣ ಇರುತ್ತದೆಂದು ಹೇಳಲಾಗದು.

ನಿರ್ವಹಣೆ

ಹಗುರವಾದ ಬಾನೆಟ್‌ನ್ನು ಮೇಲಿನಿಂದ ಬಿಟ್ಟರೆ ಲಾಕ್ ಪೂರ್ಣವಾಗಿ ಕೂರುವುದಿಲ್ಲ. ನಡುಭಾಗವನ್ನು ಒತ್ತಿದರೆ ಬಿರುಕು ಬಿಡುತ್ತದೆ. ಲಾಕ್‌ನ ನೇರ ಮೇಲ್ಭಾಗದಲ್ಲಿ ಎರಡೂ ಅಂಗೈಗಳಿಂದ ಮೃದುವಾಗಿ ಒತ್ತಿ, ನಂತರ ಎತ್ತಿ ನೋಡಿ ಖಚಿತಪಡಿಸಿಕೊಳ್ಳಬೇಕು. ಅಳವಡಿಕೆಯ ನಂತರ ಮೊದಲ ಕೆಲವು ಕಿ.ಮೀ. ನಿಧಾನವಾಗಿ ಚಲಿಸಿ, ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ತದನಂತರ ತಿಂಗಳಿಗೊಮ್ಮೆ ಕೊಂಡಿ, ಹಿಂಜ್ ಹಾಗೂ ರಂಧ್ರಗಳ ಸುತ್ತ ಬಿಳಿ ಗೆರೆ ಅಥವಾ ಬಿರುಕು ಇದೆಯೇ ಎಂದು ನೋಡಬೇಕು. ಬಿರುಕು ಕಂಡಲ್ಲಿ ಅಂಟು ಹಚ್ಚಿ ಮುಂದುವರಿಸದೆ ಹಳೆಯ ಬಾನೆಟ್‌ನ್ನೇ ಹಾಕಿಸಬೇಕು.

ಚಾಲನೆಯಲ್ಲಿ ಬಾನೆಟ್ ತೆರೆದುಕೊಂಡಲ್ಲಿ

1. ಗಾಬರಿಯಿಂದ ಒಮ್ಮೆಲೇ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಬಾರದು.

2. ತಲೆ ತಗ್ಗಿಸಿ ಬಾನೆಟ್‌ನ ಕೆಳಗಿನ ಸಂದಿಯಿಂದ ಅಥವಾ ಪಕ್ಕದ ಕಿಟಕಿಯಿಂದ ರಸ್ತೆಯನ್ನು ನೋಡಬೇಕು.

3. ಅಪಾಯ ಸೂಚಕ ದೀಪಗಳನ್ನು ಹಾಕಿ, ವೇಗವನ್ನು ಕ್ರಮೇಣ ತಗ್ಗಿಸಿ, ರಸ್ತೆಯ ಎಡ ಅಂಚಿನಲ್ಲಿ ನಿಲ್ಲಿಸಬೇಕು.

4. ಬಾನೆಟ್‌ನ್ನು ಭದ್ರವಾಗಿ ಕಟ್ಟದೆ ಅಥವಾ ತೆಗೆಯದೆ ಪ್ರಯಾಣ ಮುಂದುವರಿಸಬಾರದು.

ಚಾಲನೆಯ ಮುನ್ನ ಬಾನೆಟ್‌ನ್ನು ಒಮ್ಮೆ ಕೈಯಿಂದ ಎತ್ತಿ ನೋಡಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ವಾಹನ ಮಾಲೀಕರು ಹಾಗೂ ಗ್ಯಾರೇಜು ನಡೆಸುವವರು ಮೇಲ್ಕಂಡ ಅಂಶಗಳನ್ನು ಪಾಲಿಸಿ, ತಮ್ಮ ಹಾಗೂ ಇತರರ ಪ್ರಾಣರಕ್ಷಣೆಗೆ ಸಹಕರಿಸಬೇಕೆಂದು ಕೋರಲಾಗಿದೆ.