ಊರಿನಿಂದ ಬಂದ ಮುಲಾಮು ಮತ್ತು ಐವತ್ತರ ಮುಖ

ಎಡಿಸನ್ನಿನ ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ದೊರೆಯದವು ಬೆಂಗಳೂರಿನಿಂದ ಬರುವ ಬಂಧುಗಳ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ಪೊಟ್ಟಣಗಳ ನಡುವೆ ಬಂದಿಳಿಯುತ್ತವೆ. ಅವನ್ನು ತರಿಸಿಕೊಳ್ಳುವವರು ತರುಣಿಯರು ಮಾತ್ರವಲ್ಲ. ಕೆನ್ನೆಯ ಮೇಲೆ ಬಂಗು ಮೂಡಿದ, ಐವತ್ತರ ಆಸುಪಾಸಿನ ನಮ್ಮ ಹೆಣ್ಣುಮಕ್ಕಳೂ ಅವರಲ್ಲಿ ಇದ್ದಾರೆ.

ಕಪ್ಪು ಮತ್ತು ಕಂದು ಚರ್ಮಕ್ಕೆ ವಯಸ್ಸಾಗುವ ಬಗೆಯೇ ಬೇರೆ. ಮೆಲನಿನ್ ಎಂಬ ವರ್ಣದ್ರವ್ಯ ಬಿಸಿಲನ್ನು ತಡೆಯುವುದರಿಂದ ಸುಕ್ಕುಗಳು ಬಿಳಿಯರಿಗಿಂತ ತಡವಾಗಿ ಬರುತ್ತವೆ. ಆದರೆ ಆ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಬಹಳ ಮುಂಗೋಪಿಗಳು. ಮೊಡವೆ, ಗೀರು, ಬಿಸಿಲು, ಹಾರ್ಮೋನುಗಳ ಏರುಪೇರು ಯಾವುದಾದರೂ ಸರಿ, ಕೆರಳಿ ಕಲೆ ಉಳಿಸಿಬಿಡುತ್ತವೆ. ನ್ಯೂವಾರ್ಕ್ ಅಥವಾ ಬ್ರೂಕ್ಲಿನ್ನಿನ ಆಫ್ರಿಕನ್ ಅಮೆರಿಕನ್ ಮಹಿಳೆಯ ಅಳಲೂ ನಮ್ಮವರದೂ ಇಲ್ಲಿ ಒಂದೇ. ಕೆನ್ನೆಯ ಮೇಲೆ ವಯಸ್ಸಿನೊಡನೆ ಹೆಚ್ಚುವ ಕರಿಮಣಿಯಂತಹ ಪುಟ್ಟ ಗಂಟುಗಳೂ ಇಬ್ಬರಿಗೂ ಸಾಮಾನ್ಯ. ಅವು ನಿರಪಾಯಕಾರಿ, ಅನುಭವವಿಲ್ಲದ ಕೈ ಅವನ್ನು ಸುಟ್ಟರೆ ಗಂಟು ಹೋಗಿ ಕಲೆ ಉಳಿಯುತ್ತದೆ. ವೈದ್ಯಕೀಯ ಪಠ್ಯಗಳ ಚಿತ್ರಗಳಲ್ಲಿ ಬಹುಕಾಲ ಬಿಳಿಯ ಚರ್ಮವೇ ತುಂಬಿತ್ತು. ಈ ಕೊರತೆಯತ್ತ ಗಮನ ಸೆಳೆದವರಲ್ಲಿ ಚರ್ಮತಜ್ಞೆ ಡಾ. ಸೂಸನ್ ಟೇಲರ್ ಪ್ರಮುಖರು. ಅವರು 2004ರಲ್ಲಿ ಸ್ಕಿನ್ ಆಫ್ ಕಲರ್ ಸೊಸೈಟಿಯನ್ನು ಸ್ಥಾಪಿಸಿದರು.

ಇನ್ನು ಆ ಟ್ಯೂಬುಗಳ ಒಳಗೇನಿದೆ? ಕೆಲವದರಲ್ಲಿ ಪಾದರಸ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2004ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕೆಲವರ ಮೂತ್ರದಲ್ಲಿ ಪಾದರಸ ಮಿತಿಮೀರಿತ್ತು. ಮೂಲವನ್ನು ಹುಡುಕಿದಾಗ ಚರ್ಮ ಬೆಳ್ಳಗಾಗಿಸುವ ಕ್ರೀಮು ಸಿಕ್ಕಿತು. ಪಾದರಸ ಮೂತ್ರಪಿಂಡಕ್ಕೂ ನರಗಳಿಗೂ ವಿಷ. ಹಲವು ಮಿಶ್ರಣಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ, ಗೆಳತಿಯರು ಹೊಗಳುತ್ತಾರೆ. ಬರುಬರುತ್ತಾ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ತುಟಿಯ ಮೇಲೆ ರೋಮ ಹುಟ್ಟುತ್ತದೆ; ಹಚ್ಚುವುದನ್ನು ನಿಲ್ಲಿಸಿದರೆ ಮುಖ ಉರಿದು ಕೆಂಪೇರುತ್ತದೆ. ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಭಾರತ ಸರ್ಕಾರ 2018ರಲ್ಲಿ ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದೆ. ಔಷಧದಂಗಡಿಯ ಕಟ್ಟೆಯ ಮೇಲೆ ಆ ನಿಯಮಕ್ಕೆ ಎಷ್ಟು ಬೆಲೆಯಿದೆಯೆಂಬುದು ಓದುಗರಿಗೆ ತಿಳಿದದ್ದೇ. ಮೂರನೆಯದು ಹೈಡ್ರೋಕ್ವಿನೋನ್. ವೈದ್ಯರ ನಿಗಾದಲ್ಲಿ ಕೆಲವು ತಿಂಗಳು ಬಳಸಿದರೆ ಅದು ಒಳ್ಳೆಯ ಔಷಧ. ವರ್ಷಗಟ್ಟಲೆ ಹಚ್ಚಿದರೆ ಮುಖ ನೀಲಿಮಿಶ್ರಿತ ಕಪ್ಪಾಗಬಹುದು, ಆ ಬಣ್ಣ ಸುಲಭವಾಗಿ ಹೋಗದು. ದಕ್ಷಿಣ ಆಫ್ರಿಕಾದ ಕಪ್ಪು ಮಹಿಳೆಯರಲ್ಲಿ ಇದನ್ನು 1975ರಲ್ಲೇ ಗುರುತಿಸಲಾಗಿತ್ತು. ಅಮೆರಿಕದಲ್ಲಿ ಅದು ಚೀಟಿಯಿಲ್ಲದೆ ಸಿಗುವುದು ನಿಂತದ್ದು 2020ರಲ್ಲಿ.

ವರ್ಷಗಳಿಂದ ಸ್ಟೀರಾಯ್ಡ್ ಹಚ್ಚುತ್ತಿರುವವರು ಏಕಾಏಕಿ ನಿಲ್ಲಿಸದೆ, ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಬೇಕು. ಹೆಸರು ಮರೆತರೂ ಟ್ಯೂಬು ಮಾತಾಡುತ್ತದೆ.

ಬಂಗಿಗೆ ಮೊದಲ ಔಷಧ ಸನ್‌ಸ್ಕ್ರೀನ್. ಅದರಲ್ಲೂ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ್ದೇ ಮೇಲು. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪಾಗಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನು ಅದನ್ನು ತಡೆಯದು. ಕಿಟಕಿಯ ಗಾಜೂ ತಡೆಯದು, ಆದ್ದರಿಂದ ಟರ್ನ್‌ಪೈಕಿನಲ್ಲಿ ದಿನವೂ ಕಾರು ಓಡಿಸುವವರಿಗೂ ಇದು ಬೇಕು. ಚಳಿಗಾಲದ ಹೀಟರಿನಿಂದ ಮೈ ಬೂದಿ ಬಳಿದಂತೆ ಒಣಗಿದರೆ, ಸ್ನಾನವಾದ ಕೂಡಲೇ ಒದ್ದೆ ಮೈಗೆ ದಪ್ಪನೆಯ ಮಾಯಿಶ್ಚರೈಸರ್ ಹಚ್ಚಬೇಕು. ಅಜ್ಜಿಯ ಕೊಬ್ಬರಿ ಎಣ್ಣೆಯೂ ಮೈಗೆ ಆದೀತು. ಮೊಡವೆಯ ಮುಖಕ್ಕೆ ಬೇಡ.

ಬಣ್ಣದ ಚಿಂತೆಯಲ್ಲಿ ನಮ್ಮವರು ನೋಡದೆ ಬಿಡುವ ಜಾಗಗಳು ಬೇರೆ ಇವೆ. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾದದ್ದನ್ನು ಕೊಳೆಯೆಂದು ಕಡಲೆಹಿಟ್ಟಿನಿಂದ ಉಜ್ಜುವವರಿದ್ದಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆಯಾಗಿರಬಹುದು. ಉಜ್ಜುವ ಬದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ ಅಡಗಿ, ತಡವಾಗಿ ಪತ್ತೆಯಾಗುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿ ಹುಟ್ಟಿದ ಮೆಲನೋಮದಿಂದ. ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಮಚ್ಚೆ ಅಥವಾ ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಆ ವಾರವೇ ವೈದ್ಯರಿಗೆ ತೋರಿಸಿ.